ಸರ್ವರಿನ ದತ್ತಾಂಶವನ್ನು ಜಾವಾಸ್ಕ್ರಿಪ್ಟಿಗೆ ತಲುಪಿಸುವುದು: ಜ್ಯಾಂಗೋ ಬಳಸುವವರಿಗೆ

ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೋದಲ್ಲಿ ಕಟ್ಟಿದ ಗ್ರಂಥಾಲಯದ ತಾಣವೊಂದರಲ್ಲಿ ಸದಸ್ಯರ ಪಟ್ಟಿಯನ್ನು ಜಾವಾಸ್ಕ್ರಿಪ್ಟ್ ಮೂಲಕ ತೋರಿಸಬೇಕಾಗಿದೆ ಎಂದುಕೊಳ್ಳೋಣ. ಪುಟದ ಅಚ್ಚಾದ ಟೆಂಪ್ಲೇಟಿನ ಸ್ಕ್ರಿಪ್ಟ್ ಟ್ಯಾಗಿನೊಳಗೆ, ಉದ್ಧರಣ ಚಿಹ್ನೆಗಳ ನಡುವೆ ಜೋಡಿ ಪುಷ್ಪಾವರಣ ಹಾಕಿ ವೇರಿಯೇಬಲ್ಲಿನ ಹೆಸರನ್ನು ಬರೆದುಬಿಡುವುದು ಮೊದಲು ಹೊಳೆಯುವ ದಾರಿ. ಹೆಸರು ರಮೇಶ ಎಂದಿರುವವರೆಗೆ ಅದು ಸರಿಯಾಗಿಯೇ ಕಾಣುತ್ತದೆ. ಮಂಗಳೂರಿನ ಡಿ'ಸೋಜ ಎಂಬ ಸದಸ್ಯರು ಸೇರಿದ ಕೂಡಲೇ ತೊಂದರೆ ಶುರುವಾಗುತ್ತದೆ: ಜ್ಯಾಂಗೋ ಆ ಮೇಲುಚಿಹ್ನೆಯನ್ನು ಎಚ್‌ಟಿಎಂಎಲ್ ಸಂಕೇತವಾಗಿ ಬದಲಿಸುತ್ತದೆ, ಆದರೆ ಸ್ಕ್ರಿಪ್ಟ್ ಟ್ಯಾಗಿನ ಒಳಗಿರುವ ಇಂಥ ಸಂಕೇತಗಳನ್ನು ಬ್ರೌಸರ್ ಮರಳಿ ಅಕ್ಷರವಾಗಿಸುವುದಿಲ್ಲವಾದ್ದರಿಂದ, ಹೆಸರಿನ ನಡುವೆ ಆಂಪರ್‌ಸ್ಯಾಂಡ್, ಅಂಕಿಗಳೆಲ್ಲ ಹಾಗೆಯೇ ಉಳಿದು ಪರದೆಯ ಮೇಲೂ ಬರುತ್ತವೆ.

ಇದನ್ನು ಸರಿಪಡಿಸಲು ಹಲವರು ಸೇಫ್ ಎಂಬ ಫಿಲ್ಟರ್ (ಮೌಲ್ಯವನ್ನು ಪುಟಕ್ಕೆ ಬರೆಯುವ ಬಗೆಯನ್ನು ಬದಲಿಸುವ ಸೂಚನೆ) ಹಚ್ಚುತ್ತಾರೆ. ಹೆಸರು ಏನೇ ಇರಲಿ, ಅದು ಮಾಡುವ ಕೆಲಸ ಈ ಸಂಕೇತ ಪರಿವರ್ತನೆಯ ಕಾವಲನ್ನು ತೆಗೆದುಹಾಕುವುದು ಮಾತ್ರ. ಯಾರಾದರೂ ತಮ್ಮ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಮುಕ್ತಾಯದ ಟ್ಯಾಗನ್ನೂ ಅದರ ಬೆನ್ನಿಗೆ ತಮ್ಮದೇ ಕೋಡನ್ನೂ ಬರೆದಿದ್ದರೆ, ಎಚ್‌ಟಿಎಂಎಲ್ ಓದುವ ಬ್ರೌಸರ್ ಅದು ಉದ್ಧರಣದೊಳಗಿದೆಯೇ ಎಂಬುದನ್ನು ಲೆಕ್ಕಿಸದೆ ಸ್ಕ್ರಿಪ್ಟನ್ನು ಅಲ್ಲಿಗೇ ಮುಗಿಸಿ, ಮುಂದಿನ ಕೋಡನ್ನು ಪುಟ ನೋಡುವ ಪ್ರತಿಯೊಬ್ಬರ ಬ್ರೌಸರಿನಲ್ಲೂ ಓಡಿಸುತ್ತದೆ.

ದತ್ತಾಂಶವನ್ನು ಕೋಡಿನೊಳಗೆ ಹೆಣೆಯದೆ, ದತ್ತಾಂಶವಾಗಿಯೇ ಪುಟದಲ್ಲಿಡುವುದು ಸರಿಯಾದ ಕ್ರಮ. ಜ್ಯಾಂಗೋದ 2.1ನೇ ಆವೃತ್ತಿಯಿಂದ, ಅಂದರೆ 2018ರಿಂದ, ಇದಕ್ಕೆಂದೇ, ದತ್ತಾಂಶವನ್ನು ಪಠ್ಯವಾಗಿ ಬರೆಯುವ ಜೇಸನ್ ಕ್ರಮವನ್ನು ಬಳಸುವ ಜೇಸನ್ ಸ್ಕ್ರಿಪ್ಟ್ ಎಂಬ ಫಿಲ್ಟರ್ ಇದೆ. ಫಿಲ್ಟರಿನ ಹೆಸರು ಬರೆಯುವಾಗ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ. ಮೊದಲು ಪುಟವನ್ನು ಸಿದ್ಧಪಡಿಸುವ ವ್ಯೂ ಫಂಕ್ಷನ್ನಿನಲ್ಲಿ ಬೇಕಾದ ಕಾಲಂಗಳನ್ನಷ್ಟೇ ವ್ಯಾಲ್ಯೂಸ್ ಮೂಲಕ ಆರಿಸಿ, ಬಂದ ಕ್ವೆರಿಸೆಟ್ಟನ್ನು, ಅಂದರೆ ಡೇಟಾಬೇಸಿನ ಫಲಿತಾಂಶವನ್ನು, ಲಿಸ್ಟ್ ಆಗಿ ಪರಿವರ್ತಿಸಿ ಟೆಂಪ್ಲೇಟಿಗೆ ಹೋಗುವ ಮೌಲ್ಯಗಳ ಕಟ್ಟಾದ ಕಾಂಟೆಕ್ಸ್ಟಿಗೆ ಸೇರಿಸಬೇಕು. ಪುಟದ ಮೂಲದಲ್ಲಿರುವುದನ್ನು ಯಾರು ಬೇಕಾದರೂ ತೆರೆದು ಓದಬಹುದಾದ್ದರಿಂದ ಫೋನ್ ಸಂಖ್ಯೆಯಂಥವು ಈ ಹಂತದಲ್ಲೇ ಹೊರಗುಳಿಯಬೇಕು. ಬಳಿಕ ಟೆಂಪ್ಲೇಟಿನಲ್ಲಿ ಆ ವೇರಿಯೇಬಲ್ಲಿಗೆ ಫಿಲ್ಟರ್ ಹಚ್ಚಿ ಒಂದು ಐಡಿ ಕೊಟ್ಟರೆ, ಬ್ರೌಸರ್ ಓಡಿಸದ ಜೇಸನ್ ಬಗೆಯ ಸ್ಕ್ರಿಪ್ಟ್ ಟ್ಯಾಗ್ ಸಿದ್ಧವಾಗುತ್ತದೆ. ಕೋನಾವರಣಗಳೂ ಆಂಪರ್‌ಸ್ಯಾಂಡೂ ಯೂನಿಕೋಡ್ ಸಂಕೇತಗಳಾಗುವುದರಿಂದ ಮೇಲೆ ಹೇಳಿದ ದಾಳಿ ಇಲ್ಲಿ ಸಾಗದು. ಇನ್‌ಲೈನ್ ಸ್ಕ್ರಿಪ್ಟುಗಳನ್ನು ತಡೆಯುವ ಭದ್ರತಾ ನೀತಿ ಇರುವ ತಾಣಗಳಲ್ಲಿಯೂ ಈ ದತ್ತಾಂಶದ ಟ್ಯಾಗಿಗೆ ಅಡ್ಡಿಯಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಆ ಐಡಿಯ ಅಂಶವನ್ನು ಹಿಡಿದು, ಅದರ ಟೆಕ್ಸ್ಟ್ ಕಂಟೆಂಟನ್ನು ಜೇಸನ್ ಪಾರ್ಸಿಗೆ ಒಪ್ಪಿಸಿದರಾಯಿತು. ದತ್ತಾಂಶದ ಟ್ಯಾಗ್ ಕೋಡಿಗಿಂತ ಮೊದಲು ಬರಬೇಕು, ಇಲ್ಲವೇ ಕೋಡಿನ ಟ್ಯಾಗಿಗೆ, ಪುಟವನ್ನೆಲ್ಲ ಓದಿದ ಮೇಲೆ ಓಡಿಸು ಎನ್ನುವ ಡಿಫರ್ ಹಾಕಿ ಬೇರೆ ಕಡತದಿಂದ ತರಿಸಬೇಕು.

ಪುಟದ ಮೂಲ ತೆರೆದಾಗ ಕನ್ನಡದ ಹೆಸರುಗಳ ಬದಲು ಸಂಕೇತಗಳ ಸಾಲು ಕಂಡರೆ ಗಾಬರಿಯಾಗಬೇಕಿಲ್ಲ. ಪೈಥಾನಿನ ಜೇಸನ್ ಪರಿವರ್ತನೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಆಸ್ಕಿ ಪಟ್ಟಿಗೆ ಸೇರದ ಅಕ್ಷರಗಳನ್ನು ರೂಢಿಯಂತೆ ಹೀಗೆಯೇ ಬರೆಯುತ್ತದೆ, ಪಾರ್ಸ್ ಆದ ಮೇಲೆ ಕನ್ನಡ ಸರಿಯಾಗಿಯೇ ಮರಳುತ್ತದೆ. ಯುಟಿಎಫ್-8 ಎಂಬ ಸಾಮಾನ್ಯ ಅಕ್ಷರ ಸಂಕೇತ ಕ್ರಮದಲ್ಲಿ 3 ಬೈಟ್ ಹಿಡಿಯುವ ಅಕ್ಷರ ಇಲ್ಲಿ 6 ಬೈಟ್ ಹಿಡಿಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೌಲ್ಯಗಳ ಬಗೆಯ ಮೇಲೆ ಮಾತ್ರ ಕಣ್ಣಿಡಬೇಕು. ದಿನಾಂಕವೂ ಡೆಸಿಮಲ್ ಮೊತ್ತವೂ ಸ್ಟ್ರಿಂಗ್ ಆಗಿ ಬರುತ್ತವೆ, ಅವನ್ನು ನಾವೇ ಪರಿವರ್ತಿಸಿಕೊಳ್ಳಬೇಕು. 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳು ಜಾವಾಸ್ಕ್ರಿಪ್ಟಿನಲ್ಲಿ ಸದ್ದಿಲ್ಲದೆ ಬೇರೆ ಸಂಖ್ಯೆಯಾಗಿಬಿಡಬಹುದಾದ್ದರಿಂದ ಉದ್ದನೆಯ ಗುರುತಿನ ಸಂಖ್ಯೆಗಳನ್ನು ಸರ್ವರಿನಲ್ಲೇ ಸ್ಟ್ರಿಂಗ್ ಮಾಡಿ ಕಳುಹಿಸುವುದು ಒಳ್ಳೆಯದು.

ಒಂದೆರಡು ಬಿಡಿ ಮೌಲ್ಯಗಳಷ್ಟೇ ಸಾಕಿದ್ದರೆ ಡೇಟಾ ಎಂದು ಆರಂಭವಾಗುವ ಆಟ್ರಿಬ್ಯೂಟ್ ಬಳಸಬಹುದು. ಅಲ್ಲಿ ಜ್ಯಾಂಗೋದ ಸಂಕೇತ ಪರಿವರ್ತನೆಯನ್ನು ಬ್ರೌಸರ್ ಬಿಡಿಸುತ್ತದೆ, ಆಟ್ರಿಬ್ಯೂಟಿನ ಸುತ್ತ ಉದ್ಧರಣ ಚಿಹ್ನೆ ಮಾತ್ರ ತಪ್ಪದೆ ಇರಬೇಕು. ಪಟ್ಟಿ ಬಹಳ ದೊಡ್ಡದಿದ್ದರೆ ಅಥವಾ ಪುಟ ತೆರೆದಿರುವಾಗಲೇ ಬದಲಾಗುತ್ತಿದ್ದರೆ, ಅದನ್ನು ಪುಟಕ್ಕೆ ತುಂಬುವ ಬದಲು ಪ್ರತ್ಯೇಕ ವಿಳಾಸದಿಂದ ಜೇಸನ್ ರೆಸ್ಪಾನ್ಸ್ ಆಗಿ ಕೊಟ್ಟು, ಬ್ರೌಸರಿನಲ್ಲಿ ಫೆಚ್ ಮೂಲಕ ತರಿಸಿಕೊಳ್ಳಬೇಕು.