ಹಳೇ ರೈಲ್‌ಬಸ್ ಮಾಡೆಲ್ ಕೊಳ್ಳುವ ಮುಂಚೆ

ಜರ್ಮನಿಯ ಕೆಂಪು ಯೂರ್ಡಿಂಗನ್ ರೈಲ್‌ಬಸ್‌ನ (ಬಸ್ಸಿನಂಥ ಪುಟ್ಟ ಡೀಸೆಲ್ ರೈಲು) 1:87 ಅಳತೆಯ ಮಾಡೆಲ್ ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರೆ ಮೊದಲು ಪಕ್ಕದಲ್ಲಿರುವ ನಂಬರ್ ನೋಡಿ. ವಿಟಿ 98 ಅಂತಿದ್ದರೆ 1968ಕ್ಕಿಂತ ಹಿಂದಿನ ರೂಪ, 798 ಅಂತಿದ್ದರೆ ಆಮೇಲಿನದು. ಜೊತೆಗೆ ಕೊಡುವ ಬೋಗಿಯೂ ಅದೇ ಕಾಲದ್ದಾಗಿರಬೇಕು. ಎರಡು ಸೆಟ್ ಬೆರೆಸಿ ಮಾರುವವರೂ ಇರುತ್ತಾರೆ! ಮುಂದೆ ಎರಡು ದುಂಡು ಬಫರ್ (ಡಿಕ್ಕಿಯ ಪೆಟ್ಟು ತಡೆಯುವ ಭಾಗ) ಇಲ್ಲದೆ ಬರೀ ಬಂಪರ್ ಇದ್ದರೆ ಅದು ಒಂದೇ ಎಂಜಿನ್ನಿನ ವಿಟಿ 95. 98ಕ್ಕೆ ನೆಲದಡಿ ಎರಡು ಎಂಜಿನ್.

ಓಡುವಾಗ ತಡೆದು ತಡೆದು ನಿಂತರೆ ಸುಮ್ನೆ ಮೋಟಾರ್ ಬಿಚ್ಚಬೇಡಿ. ಇರುವುದೇ ನಾಲ್ಕು ಗಾಲಿ, ಕೊಳೆ ಕೂತರೆ ಹಳಿಯಿಂದ ಕರೆಂಟ್ ಸಿಗುವುದಿಲ್ಲ. ಇಯರ್‌ಬಡ್‌ಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಕಪ್ಪು ಬರುವುದು ನಿಲ್ಲುವ ತನಕ ಒರೆಸಿ. ಗಾಲಿಗೆ ರಬ್ಬರ್ ಪಟ್ಟಿ ಇದ್ದರೆ ಅದಕ್ಕೆ ತಾಗಿಸಬೇಡಿ.