ಸೆಲ್ಲರ್ ಖಾತೆ ಕಳ್ಳರ ಕೈಸೇರಿದಾಗ: ಪಾವತಿ ಹೊರಡುವ ಮುನ್ನ ಮಾಡಬೇಕಾದ ಕೆಲಸ

ಮಂಡ್ಯದಲ್ಲಿ ಅಚ್ಚುಬೆಲ್ಲ ಮತ್ತು ಪುಡಿಬೆಲ್ಲವನ್ನು ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಮಾರುವ ವ್ಯಾಪಾರಿಯೊಬ್ಬರ ಲೆಕ್ಕಪತ್ರವನ್ನು ನಾನು ಮೈಸೂರಿನಿಂದ ನೋಡಿಕೊಳ್ಳುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಯಾರೋ ಬಿಲ್ಲಿನಲ್ಲಿದ್ದ ಅಂಗಡಿಯ ಹೆಸರನ್ನು ಹುಡುಕಿ ಅವರಿಗೆ ಫೋನ್ ಮಾಡಿ, ತಾವು ದುಡ್ಡು ಕಟ್ಟಿದ ವಾಷಿಂಗ್ ಮೆಷಿನ್ ಯಾವಾಗ ಬರುತ್ತದೆ ಎಂದು ಕೇಳಿದರು. ತಪ್ಪು ನಂಬರ್ ಎಂದು ಇವರು ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕರೆ ಬಂತು, ಈ ಸಲ ಕ್ಯಾಮೆರಾದ ವಿಚಾರ. ಮೂರನೆಯ ಕರೆಯಾದ ಮೇಲೆ ಅವರು ನನಗೆ ಫೋನ್ ಹಚ್ಚಿ, "ನಾವು ಬೆಲ್ಲ ಬುಟ್ರೆ ಇನ್ನೇನೂ ಮಾರಾಕಿಲ್ವಲ್ಲಪ್ಪಾ, ಇದೇನ್ ಬಂತು ಸ್ವಲ್ಪ ನೋಡು" ಎಂದರು. ತಾಣದಲ್ಲಿರುವ ಅವರ ಸೆಲ್ಲರ್ (ಮಾರಾಟಗಾರರ) ಖಾತೆಗೆ ಲಾಗಿನ್ ಆಗಿ ನೋಡಿದರೆ ಬೆಲ್ಲದ ಲಿಸ್ಟಿಂಗ್‌ಗಳ (ಮಾರಾಟಕ್ಕಿಟ್ಟ ಸಾಮಾನಿನ ಪುಟಗಳ) ಕೆಳಗೆ ಅವರು ಕಂಡು ಕೇಳರಿಯದ ಹದಿನಾಲ್ಕು ಸಾಮಾನುಗಳಿದ್ದವು, ಹಣ ಜಮೆಯಾಗುವ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿಗಳು ಬದಲಾಗಿದ್ದವು, ಮತ್ತು ಮಾರಾಟದ ಹಣವನ್ನು ತಾಣ ಕಳಿಸುವ ಮುಂದಿನ ಪಾವತಿ ಬುಧವಾರ ಎಂದು ತೋರಿಸುತ್ತಿತ್ತು.

ಆ ಬುಧವಾರವೇ ಈ ವಂಚನೆಯ ಮರ್ಮ. ವಂಚಕರಿಗೆ ಬೇಕಾದದ್ದು ಬೆಲ್ಲವಲ್ಲ, ವ್ಯಾಪಾರಿ ವರ್ಷಗಟ್ಟಲೆ ಒಂದೊಂದಾಗಿ ಗಳಿಸಿದ ಒಳ್ಳೆಯ ರೇಟಿಂಗ್. ನಿನ್ನೆ ತೆರೆದ ಖಾತೆಯಲ್ಲಿ ಅರ್ಧ ಬೆಲೆಗೆ ಕ್ಯಾಮೆರಾ ಇಟ್ಟರೆ ಕೊಳ್ಳುವವರು ಅನುಮಾನಿಸುತ್ತಾರೆ. ಹಳೆಯ, ನಿಧಾನವಾಗಿ ವ್ಯಾಪಾರ ನಡೆಯುವ, ಮಾಲೀಕರು ವಾರಕ್ಕೊಮ್ಮೆ ಮಾತ್ರ ತೆರೆದು ನೋಡುವ ಖಾತೆಯಲ್ಲಿ ಇಟ್ಟರೆ ಅನುಮಾನಿಸುವುದಿಲ್ಲ. ತಾಣದ ಗೋದಾಮನ್ನಾಗಲಿ ಕೊರಿಯರನ್ನಾಗಲಿ ಬಳಸದೆ "ನಾವೇ ಕಳಿಸುತ್ತೇವೆ" ಎಂಬ ಆಯ್ಕೆಯನ್ನು ಆರಿಸಿಕೊಂಡು, ಯಾವುದೋ ಟ್ರ್ಯಾಕಿಂಗ್ ನಂಬರ್ ತುಂಬಿ, ಮಾಲು ಹೊರಟಿದೆ ಎಂದು ಗುರುತು ಹಾಕಿ, ಕೊಂಡವರು ದೂರು ಕೊಡುವಷ್ಟರಲ್ಲಿ ಪಾವತಿಯ ದಿನ ಬಂದುಬಿಡಲಿ ಎಂದು ಅವರು ಕಾಯುತ್ತಾರೆ. ಹಣ ಅವರ ಕೈಸೇರಿದ ಮೇಲೆ ಕೊಂಡವರಿಗೆ ತಾಣವು ಮರುಪಾವತಿ ಮಾಡಿ, ಆ ಮೊತ್ತವನ್ನು ನಿಮ್ಮ ಹೆಸರಿನಲ್ಲಿ ಬಾಕಿಯೆಂದು ಬರೆದುಕೊಳ್ಳುತ್ತದೆ. ಆದ್ದರಿಂದ ಖಾತೆಗೆ ಕನ್ನ ಬಿದ್ದಿದೆ ಎಂದು ತಿಳಿದ ಕೂಡಲೇ ನೋಡಬೇಕಾದದ್ದು ಮುಂದಿನ ಪಾವತಿಯ ದಿನಾಂಕ. ಉಳಿದ ಕೆಲಸಗಳ ಅವಸರವನ್ನು ನಿರ್ಧರಿಸುವುದು ಅದೇ.

ಸಿಟ್ಟಿನಲ್ಲಿ ಕಳ್ಳ ಲಿಸ್ಟಿಂಗ್‌ಗಳನ್ನೆಲ್ಲ ಅಳಿಸಿಬಿಡಬೇಡಿ. ಮೊದಲು ಬದಲಾದ ಬ್ಯಾಂಕ್ ವಿವರ, ಹೊಸ ಲಿಸ್ಟಿಂಗ್‌ಗಳು, ಆರ್ಡರ್ ಪಟ್ಟಿ, ಪಾವತಿಯ ಪುಟ, ಹೊಸದಾಗಿ ಸೇರಿರುವ ಬಳಕೆದಾರರ ಹೆಸರು, ಇವುಗಳ ಸ್ಕ್ರೀನ್‌ಶಾಟ್‌ಗಳನ್ನು ಗಂಟೆ ಮತ್ತು ದಿನಾಂಕ ಕಾಣುವಂತೆ ತೆಗೆದಿಡಿ. ಅದಕ್ಕಿಂತ ಮುಖ್ಯವಾಗಿ ಆರ್ಡರ್ ಮತ್ತು ಸೆಟ್ಲ್‌ಮೆಂಟ್ (ತಾಣದ ಪಾವತಿಯ ಲೆಕ್ಕ) ವರದಿಗಳನ್ನು ಫೈಲ್ ರೂಪದಲ್ಲಿಯೇ ಇಳಿಸಿಕೊಂಡು, ಮೂಲ ಪ್ರತಿಯನ್ನು ತೆರೆದು ತಿದ್ದದೆ ಹಾಗೆಯೇ ಇಟ್ಟುಕೊಳ್ಳಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಪ್ರಮಾಣಪತ್ರವೊಂದನ್ನು ಕೊಡಬೇಕಾಗುತ್ತದೆ, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಒಂದು ಅಕ್ಷರ ತಿದ್ದಿದರೂ ಆ ಮೌಲ್ಯ ಬದಲಾಗುತ್ತದೆ.

ಇನ್ನು ಪಾಸ್‌ವರ್ಡ್. ಹೆಚ್ಚಿನವರು ಮೊದಲು ಸೆಲ್ಲರ್ ಖಾತೆಯ ಪಾಸ್‌ವರ್ಡ್ ಬದಲಿಸಲು ಹೊರಡುತ್ತಾರೆ. ನನ್ನ ಅನುಭವದಲ್ಲಿ ಅದು ಎರಡನೆಯ ಕೆಲಸ. ಸೆಲ್ಲರ್ ಖಾತೆಯ ಬೀಗದ ಕೈ ಇರುವುದು ಇಮೇಲಿನಲ್ಲಿ, ಇಮೇಲ್ ಕಳ್ಳನ ಕೈಯಲ್ಲಿರುವ ತನಕ ಅವನು ಪಾಸ್‌ವರ್ಡನ್ನು ಎಷ್ಟು ಸಲ ಬೇಕಾದರೂ ಬದಲಿಸಿಕೊಳ್ಳಬಲ್ಲ. ಆಮೇಲೆ, ವಾಟ್ಸಾಪಿನಲ್ಲಿ ಬಂದ ಎಪಿಕೆ (ಒತ್ತಿದರೆ ಆ್ಯಪ್ ಕೂರಿಸುವ) ಫೈಲನ್ನೋ ಪರದೆಯನ್ನು ಹಂಚಿಕೊಳ್ಳುವ ಆ್ಯಪನ್ನೋ ಯಾವ ಫೋನಿಗೆ ಹಾಕಿಕೊಂಡಿದ್ದೀರೋ ಅದೇ ಫೋನಿನಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸುವುದೆಂದರೆ ಕಳ್ಳನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀಗ ಬದಲಿಸಿದ ಹಾಗೆ. ಮನೆಯವರ ಬೇರೊಂದು ಫೋನನ್ನೋ ಕಂಪ್ಯೂಟರನ್ನೋ ತೆಗೆದುಕೊಳ್ಳಿ. ಇಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ, ರಿಕವರಿ ನಂಬರ್ ಮತ್ತು ರಿಕವರಿ ಇಮೇಲ್ ನಿಮ್ಮದೇ ಇದೆಯೇ ಎಂದು ನೋಡಿ. ನಂತರ ಸೆಟ್ಟಿಂಗ್‌ಗಳಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎಂಬ ಭಾಗಗಳನ್ನು ತೆರೆದು ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ.

ಬೆಲ್ಲದ ವ್ಯಾಪಾರಿಯ ಜಿಮೇಲಿನಲ್ಲಿ ನಮಗೆ ಸಿಕ್ಕಿದ್ದು ಒಂದೇ ಸಾಲಿನ ಫಿಲ್ಟರ್: ತಾಣದ ಹೆಸರಿರುವ ಯಾವ ಪತ್ರ ಬಂದರೂ ಓದಿದ್ದೆಂದು ಗುರುತು ಮಾಡಿ ಕಸದ ಬುಟ್ಟಿಗೆ ಹಾಕು. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಎಚ್ಚರಿಕೆಯ ಪತ್ರ ಗುರುವಾರ ರಾತ್ರಿ ಎರಡು ಗಂಟೆಗೇ ಬಂದಿತ್ತು, ಬಂದ ಕ್ಷಣದಲ್ಲೇ ಬುಟ್ಟಿ ಸೇರಿತ್ತು. ಜಿಮೇಲ್ ಕಸದ ಬುಟ್ಟಿಯಲ್ಲಿ 30 ದಿನ ಪತ್ರಗಳನ್ನು ಉಳಿಸಿಕೊಳ್ಳುವುದರಿಂದ ಅದನ್ನು ಹೊರತೆಗೆದು, ಮುಂದೆ ದೂರಿಗೆ ಲಗತ್ತಿಸಲು ಸಾಧ್ಯವಾಯಿತು. ಕೆಲವರು ಫಿಲ್ಟರಿನ ಬದಲು ಒಂದೇ ರಾತ್ರಿ ಸಾವಿರಾರು ಜಾಹೀರಾತು ಪತ್ರಗಳನ್ನು ಸುರಿಸಿ ಎಚ್ಚರಿಕೆಯ ಪತ್ರವನ್ನು ಅವುಗಳ ನಡುವೆ ಮುಚ್ಚಿಹಾಕುತ್ತಾರೆ, ಆದ್ದರಿಂದ ಇದ್ದಕ್ಕಿದ್ದಂತೆ ಇನ್‌ಬಾಕ್ಸ್ ತುಂಬಿದರೆ ಎಲ್ಲವನ್ನೂ ಒಟ್ಟಿಗೆ ಅಳಿಸಲು ಹೋಗಬಾರದು. ಫೋನಿನಲ್ಲಿ ನೆಟ್‌ವರ್ಕ್ ಪೂರ್ತಿ ಹೋಗಿದ್ದರೆ ಸಿಮ್ ಬೇರೆಯವರ ಹೆಸರಿಗೋ ಕೈಗೋ ಹೋಗಿರಬಹುದು. ಕಂಪನಿಯ ಮಳಿಗೆಗೆ ಹೋಗಿ ಅದನ್ನು ಆ ದಿನವೇ ಇತ್ಯರ್ಥ ಮಾಡಿಕೊಳ್ಳಿ, ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ನೋಡಿ.

ಈಗ ಸೆಲ್ಲರ್ ಖಾತೆಗೆ ಬನ್ನಿ. ಪಾಸ್‌ವರ್ಡ್ ಬದಲಿಸಿ, ಗೊತ್ತಿಲ್ಲದ ಬಳಕೆದಾರರನ್ನು ತೆಗೆದುಹಾಕಿ, ಹೊರಗಿನ ಸಾಫ್ಟ್‌ವೇರುಗಳಿಗೆ ಕೊಟ್ಟ ಅನುಮತಿಗಳನ್ನು ರದ್ದುಪಡಿಸಿ, ಬ್ಯಾಂಕ್ ಖಾತೆಯನ್ನು ನಿಮ್ಮದಕ್ಕೆ ಮರಳಿಸಿ, ಒಟಿಪಿ ಎಸ್ಎಂಎಸ್‌ನಲ್ಲಿ ಬರುವ ಬದಲು ಅಥೆಂಟಿಕೇಟರ್ ಆ್ಯಪಿನಲ್ಲಿ (ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್) ಬರುವಂತೆ ಮಾಡಿ. ಕಳ್ಳ ಲಿಸ್ಟಿಂಗ್‌ಗಳನ್ನು ಅಳಿಸದೆ ನಿಷ್ಕ್ರಿಯಗೊಳಿಸಿ, ಅಥವಾ ಇಡೀ ಅಂಗಡಿಯನ್ನೇ ಎರಡು ದಿನ ರಜೆಯ ಸ್ಥಿತಿಗೆ ಹಾಕಿ. ಲಾಗಿನ್ ಆಗಲೇ ಸಾಧ್ಯವಿಲ್ಲದಿದ್ದರೆ ತಾಣದ ಸ್ವಂತ ಆ್ಯಪಿನ ಸಹಾಯ ಪುಟದ ಮೂಲಕವೇ ಹೋಗಬೇಕು. ಗೂಗಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಸಿಗುವವುಗಳಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಒಮ್ಮೆ ಮೋಸಹೋದವರು ಗಾಬರಿಯಲ್ಲಿ ಎರಡನೆಯ ಸಲ ಮೋಸಹೋಗುವುದು ಅಲ್ಲಿಯೇ.

ತಾಣಕ್ಕೆ ಬರೆಯುವ ದೂರು ಚಿಕ್ಕದಾಗಿರಲಿ, ಮೊದಲ ಸಾಲಿನಲ್ಲೇ ಹಣದ ವಿಚಾರವಿರಲಿ. ನಾವು ಬರೆದದ್ದರ ಸಾರ ಇಷ್ಟು: "ಈ ಸೆಲ್ಲರ್ ಖಾತೆಗೆ ಅನ್ಯರು ಅಕ್ರಮವಾಗಿ ಪ್ರವೇಶಿಸಿದ್ದಾರೆ. ಬುಧವಾರ ನಿಗದಿಯಾಗಿರುವ ಪಾವತಿಯನ್ನು ತಡೆಹಿಡಿಯಿರಿ. ಗುರುವಾರ ರಾತ್ರಿ ಸೇರಿಸಿದ ಬ್ಯಾಂಕ್ ಖಾತೆ ನಮ್ಮದಲ್ಲ. ಲಗತ್ತಿಸಿದ ಪಟ್ಟಿಯಲ್ಲಿರುವ ಲಿಸ್ಟಿಂಗ್‌ಗಳೂ ಆರ್ಡರುಗಳೂ ನಮ್ಮವಲ್ಲ. ಪ್ರವೇಶದ ಐಪಿ ವಿಳಾಸಗಳನ್ನು ಪೊಲೀಸರಿಗಾಗಿ ಕಾಪಾಡಿರಿ." ಇದನ್ನು ಇಂಗ್ಲಿಷಿನಲ್ಲಿ ಕಳುಹಿಸಿ, ಕೇಸ್ ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸಹಾಯ ವಿಭಾಗದಿಂದ ಸಿದ್ಧ ಉತ್ತರವಷ್ಟೇ ಬಂದರೆ, ತಾಣದಲ್ಲಿ ಹೆಸರು ಪ್ರಕಟಿಸಿರುವ ಕುಂದುಕೊರತೆ ಅಧಿಕಾರಿಗೆ ಅದೇ ಪತ್ರವನ್ನು ಕಳುಹಿಸಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ತಾಣಗಳಂಥ ಮಧ್ಯವರ್ತಿ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 24 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು.

ತಾಣದ ಉತ್ತರಕ್ಕೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಇಲ್ಲೊಂದು ತೊಡಕಿದೆ. 1930ರವರು ಸಾಮಾನ್ಯವಾಗಿ ಕೇಳುವುದು ನಿಮ್ಮ ಯಾವ ಬ್ಯಾಂಕ್ ಖಾತೆಯಿಂದ ಎಷ್ಟು ಹಣ ಹೋಯಿತು ಎಂದು. ಈ ವಂಚನೆಯಲ್ಲಿ ನಿಮ್ಮ ಬ್ಯಾಂಕಿನಿಂದ ಒಂದು ರೂಪಾಯಿಯೂ ಹೋಗಿರುವುದಿಲ್ಲ, ನಿಮಗೆ ಬರಬೇಕಾದ ಹಾದಿಯಲ್ಲಿ ಬೇರೆಡೆಗೆ ಹೋಗಿರುತ್ತದೆ. ಆದ್ದರಿಂದ ಪಾವತಿ ಆಗಲೇ ಹೊರಟಿದ್ದರೆ ಸೆಟ್ಲ್‌ಮೆಂಟ್ ನಂಬರ್, ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ), ದಿನಾಂಕ, ಮೊತ್ತ ಮತ್ತು ಹಣ ಸೇರಿದ ಬ್ಯಾಂಕಿನ ಹೆಸರನ್ನು ಮುಂದಿಟ್ಟುಕೊಂಡೇ ಕರೆ ಮಾಡಿ, "ನನಗೆ ಬರಬೇಕಾದ ಪಾವತಿಯನ್ನು ಬೇರೆ ಖಾತೆಗೆ ತಿರುಗಿಸಿದ್ದಾರೆ" ಎಂದು ಹೇಳಿ. ಹಣ ಆ ಖಾತೆಯಲ್ಲಿ ಇನ್ನೂ ಉಳಿದಿರುವಾಗಲೇ ತಡೆಹಿಡಿಯಲು ಹೆಚ್ಚಿನ ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ.

ಆಮೇಲೆ ಪೊಲೀಸ್ ಠಾಣೆ. ಮೈಸೂರು, ಮಂಡ್ಯ ಎರಡೂ ಕಡೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ದೂರನ್ನು ಕನ್ನಡದಲ್ಲೇ ಬರೆದುಕೊಡಿ, ಘಟನೆಗಳನ್ನು ಗಂಟೆಯ ಕ್ರಮದಲ್ಲಿ ಹೇಳಿ. ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿಗೂ, ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು 66ಡಿ ಕಲಮಿಗೂ ಬರುತ್ತದೆ. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆನ್‌ಲೈನಿನಲ್ಲಿ ದೂರು ಕಳುಹಿಸಿದ್ದರೆ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ದೂರಿನ ಪ್ರತಿ ಕೇವಲ ತನಿಖೆಗಷ್ಟೇ ಬೇಕಾಗುವುದಲ್ಲ; ತಾಣದ ಬಾಕಿ ಅಳಿಸುವುದಕ್ಕೂ, ಬ್ಯಾಂಕಿಗೂ, ತೆರಿಗೆಯವರಿಗೂ ಅದನ್ನೇ ತೋರಿಸಬೇಕಾಗುತ್ತದೆ.

ಮೋಸಹೋದ ಗಿರಾಕಿಗಳು ಫೋನ್ ಮಾಡಿ ಬೈಯುತ್ತಾರೆ, ಬೈಯಲಿ. ಖಾತೆಗೆ ಕನ್ನ ಬಿದ್ದಿದೆ, ಆರ್ಡರ್ ರದ್ದುಮಾಡಿದ್ದೇವೆ, ತಾಣದ ಮೂಲಕವೇ ಮರುಪಾವತಿ ಪಡೆಯಿರಿ ಎಂದು ತಾಣದ ಸಂದೇಶ ಪೆಟ್ಟಿಗೆಯಲ್ಲೇ ಉತ್ತರಿಸಿ. ನಮ್ಮ ವ್ಯಾಪಾರಿ ಮರ್ಯಾದೆಗೆ ಅಂಜಿ ಇಬ್ಬರಿಗೆ ತಮ್ಮ ಜೇಬಿನಿಂದ ಫೋನ್‌ಪೇ ಮಾಡಿಬಿಟ್ಟಿದ್ದರು, ಅದೇ ಇಬ್ಬರಿಗೆ ತಾಣದಿಂದಲೂ ಹಣ ವಾಪಸಾಯಿತು. ಇವರು ಕೊಟ್ಟದ್ದು ಮರಳಿ ಬರಲಿಲ್ಲ. ವಂಚನೆಯ ಆರ್ಡರುಗಳ ಹಣ ಅಕಸ್ಮಾತ್ ನಿಮ್ಮ ಸ್ವಂತ ಖಾತೆಗೇ ಜಮೆಯಾಗಿದ್ದರೆ ಅದನ್ನು ಮುಟ್ಟದೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಏಕೆಂದರೆ ಗಿರಾಕಿಗಳಲ್ಲೊಬ್ಬರು 1930ಕ್ಕೆ ದೂರು ಕೊಟ್ಟರೂ ತಡೆ ಬೀಳುವುದು ನಿಮ್ಮ ಖಾತೆಯ ಮೇಲೆ. ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹಣ ಹೋಗಿದ್ದರೆ ಅದು ಬೇರೆ ದೂರು: ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದ ಪ್ರಕರಣಗಳಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು. ಒಟಿಪಿಯನ್ನು ನೀವೇ ಹೇಳಿದ್ದರೆ ಆ ರಕ್ಷಣೆ ಸಿಗುವುದು ಕಷ್ಟ.

ಬಹಳ ಜನ ಎಡವುವುದು ಮುಂದಿನ ತಿಂಗಳು, ತೆರಿಗೆಯ ಲೆಕ್ಕದಲ್ಲಿ. ತಾಣದ ಕಂಪ್ಯೂಟರಿಗೆ ಮಾರಿದವರು ಯಾರೆಂಬುದು ಗೊತ್ತಿಲ್ಲ. ವಾಷಿಂಗ್ ಮೆಷಿನಿನ ಬಿಲ್ಲು ಹೊರಟಿರುವುದು ಬೆಲ್ಲದ ವ್ಯಾಪಾರಿಯ ಜಿಎಸ್‌ಟಿ ನಂಬರಿನಲ್ಲಿ. ತಾಣವು ಪ್ರತಿ ಮಾರಾಟದ ನಿವ್ವಳ ಮೌಲ್ಯದ ಮೇಲೆ ಟಿಸಿಎಸ್ (ಮಾರಾಟದ ಹಣದಿಂದ ತಾಣ ಮೊದಲೇ ಸಂಗ್ರಹಿಸುವ ಜಿಎಸ್‌ಟಿ) ಹಿಡಿದು (2024ರ ಜುಲೈ 10ರಿಂದ ಇದು ಶೇ 0.5), ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಎಂಬ ರಿಟರ್ನಿನಲ್ಲಿ ಸರ್ಕಾರಕ್ಕೆ ವರದಿ ಮಾಡುತ್ತದೆ, ಆದಾಯ ತೆರಿಗೆಯ ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಕೂಡ ಇದೇ ಮಾರಾಟದ ಒಟ್ಟು ಮೊತ್ತದ ಮೇಲೆ ಬೀಳುತ್ತದೆ. ನೀವು ಬೆಲ್ಲದ ಮಾರಾಟವನ್ನಷ್ಟೇ ತೋರಿಸಿ ರಿಟರ್ನ್ ಸಲ್ಲಿಸಿದರೆ ಎರಡು ಲೆಕ್ಕಗಳು ತಾಳೆಯಾಗುವುದಿಲ್ಲ, ನೋಟಿಸ್ ಬರುತ್ತದೆ. ಅದೇ ತಿಂಗಳಲ್ಲಿ ಆರ್ಡರ್ ರದ್ದಾಗಿ ಮರುಪಾವತಿಯಾದರೆ ನಿವ್ವಳ ಮೌಲ್ಯದಿಂದ ಕಳೆದುಹೋಗುತ್ತದೆ, ತಲೆನೋವಿಲ್ಲ. ತಿಂಗಳ ಕೊನೆಯಲ್ಲಿ ವಂಚನೆ ನಡೆದು ಮರುಪಾವತಿ ಮುಂದಿನ ತಿಂಗಳಿಗೆ ಜಾರಿದರೆ ಮಾತ್ರ ಎರಡೂ ತಿಂಗಳ ವರದಿಗಳನ್ನು ಎದುರಿಗಿಟ್ಟುಕೊಂಡು ಆರ್ಡರಿಗೆ ಆರ್ಡರ್ ಹೊಂದಿಸಬೇಕಾಗುತ್ತದೆ. ಆದಕಾರಣ 11ನೇ ತಾರೀಕಿನ ಜಿಎಸ್‌ಟಿಆರ್-1ಕ್ಕೆ (ತಿಂಗಳ ಮಾರಾಟದ ರಿಟರ್ನ್) ಮೊದಲೇ ನಿಮ್ಮ ಲೆಕ್ಕ ಬರೆಯುವವರಿಗೆ ವಿಷಯ ತಿಳಿಸಿ, ವಂಚನೆಯ ಆರ್ಡರುಗಳ ಪಟ್ಟಿಯನ್ನೂ ದೂರಿನ ಪ್ರತಿಯನ್ನೂ ಕೊಡಿ. ನಾಚಿಕೆಯಿಂದ ಮುಚ್ಚಿಟ್ಟವರ ಲೆಕ್ಕ ಬಿಡಿಸುವುದು ನನ್ನಂಥವರಿಗೆ ದುಪ್ಪಟ್ಟು ಕೆಲಸ.

ನಮ್ಮ ಪ್ರಕರಣದಲ್ಲಿ ಮಂಗಳವಾರ ಸಂಜೆ ಪಾವತಿಗೆ ತಡೆ ಬಿತ್ತು. ಖಾತೆಯನ್ನು ಪರಿಶೀಲನೆಗೆಂದು ನಿಲ್ಲಿಸಿದ್ದರಿಂದ ಮೂರು ವಾರ ಬೆಲ್ಲವೂ ಹೋಗಲಿಲ್ಲ. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ರದ್ದು ಮಾಡಿದ ಚೆಕ್ ಹಾಳೆಗಳನ್ನು ಎರಡೆರಡು ಸಲ ಕಳಿಸಬೇಕಾಯಿತು. ಖಾತೆ ಮರಳಿದ ಮೇಲೆ, ವಂಚನೆಯ ಆರ್ಡರುಗಳನ್ನು ರದ್ದುಮಾಡಿದ್ದಕ್ಕೆ ಬಿದ್ದ ಕೆಟ್ಟ ಅಂಕಗಳನ್ನು ತೆಗೆಯುವಂತೆ ಕೇಸ್ ನಂಬರ್ ಸಮೇತ ಪ್ರತ್ಯೇಕವಾಗಿ ಕೇಳಬೇಕಾಯಿತು. ಕೇಳದೆ ಯಾರೂ ತೆಗೆಯುವುದಿಲ್ಲ. ಈಗ ಅವರು ಸೆಲ್ಲರ್ ಖಾತೆಗೆಂದೇ ಬೇರೆ ಇಮೇಲ್ ಇಟ್ಟುಕೊಂಡಿದ್ದಾರೆ, ಅದನ್ನು ಬೇರೆಲ್ಲೂ ಕೊಡುವುದಿಲ್ಲ. ಪ್ಯಾಕಿಂಗ್ ಮೇಜಿನ ಮೇಲಿನ ಗೋಡೆಗೆ ಅವರ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದ ಚೀಟಿ ಅಂಟಿಸಿದೆ. ಪ್ರತಿ ಸೋಮವಾರ ಅವರ ಮಗಳು ಪಾವತಿಯ ಪುಟ ತೆರೆದು, ಆ ಚೀಟಿಯೊಡನೆ ಹೋಲಿಸಿ, ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾಳೆ.