ಕರೆಂಟಿಲ್ಲದ ಊರಲ್ಲಿ ಮಾಣಿಕ್ಯ ಬೆಳೆದ ಕತೆ

ಸೋಮವಾರಪೇಟೆ ಹತ್ತಿರ ನಮ್ಮದೊಂದು ಹಳೆ ಕಾಫಿ ಗೋದಾಮಿದೆ. ಅಲ್ಲಿ ಮಾಣಿಕ್ಯದ ಹರಳು ಬೆಳೆಸುತ್ತೇನೆ ಅಂದಾಗ ಚಿಕ್ಕಪ್ಪ ಒಂದೇ ಮಾತು ಕೇಳಿದರು: "ಕರೆಂಟ್ ಎಲ್ಲಿದೆ ಮಾರಾಯ?" ತಪ್ಪೇನಿಲ್ಲ. ಮಳೆಗಾಲದಲ್ಲಿ ಇಲ್ಲಿ ತಂತಿ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ.

ಮಾಣಿಕ್ಯ ಅಂದರೆ ಚೂರು ಕ್ರೋಮಿಯಂ ಬೆರೆತ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದನ್ನು ಕರಗಿಸಿಕೊಳ್ಳುವ ಬಿಸಿ ದ್ರವಕ್ಕೆ ಫ್ಲಕ್ಸ್ ಅಂತಾರೆ. ಶುರು ಮಾಡಿದ್ದು ಸೀಸದ ಫ್ಲಕ್ಸ್‌ನಲ್ಲಿ. ಕುಲುಮೆಯ ಬಿಸಿಯನ್ನು ಗಂಟೆಗೆ ಎರಡು ಡಿಗ್ರಿಯಂತೆ ಇಳಿಸುತ್ತಾ ವಾರಗಟ್ಟಲೆ ಕಾಯಬೇಕು. ಮೊದಲ ಸಲ ಮೂರನೇ ದಿನಕ್ಕೇ ಕರೆಂಟ್ ಹೋಯಿತು. ಮೂಸೆ ಒಡೆದರೆ ಬರೀ ಕೆಂಪು ರವೆ. ಎರಡನೇ ಸಲ ಜನರೇಟರ್ ತಂದೆ, ಡೀಸೆಲ್ಲಿಗೇ ಹತ್ತಿರ ಹತ್ತಿರ ಒಂಬತ್ತು ಸಾವಿರ ಸುರಿದೆ. ಹರಳೇನೋ ಬಂತು, ಆದರೆ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ. ಚಿಮಟದಲ್ಲಿ ಹಿಡಿದರೆ ಪುಡಿ. ಸೀಸದ ಹೊಗೆ ಬೇರೆ. 1877ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಫ್ರೆಮಿಗೂ ಸಿಕ್ಕಿದ್ದು ಇಂಥ ತೆಳು ಹಾಳೆಗಳೇ ಅಂತ ಸಮಾಧಾನ ಮಾಡಿಕೊಂಡೆ.

ಆಮೇಲೆ ಫ್ಲಕ್ಸ್ ಆಗಿ ಮಾಲಿಬ್ಡಿನಮ್ ಟ್ರೈಆಕ್ಸೈಡ್ ಹಿಡಿದೆ. ಜೊತೆಗೆ ಚೂರು ಲಿಥಿಯಂ ಕಾರ್ಬೊನೇಟ್. ಇದರಲ್ಲಿ ನಿಧಾನಕ್ಕೆ ತಣಿಸುವ ಗೋಳೇ ಇಲ್ಲ. 1100 ಡಿಗ್ರಿಯಲ್ಲಿ ನಿಲ್ಲಿಸಿದರೆ ಫ್ಲಕ್ಸೇ ಆವಿಯಾಗಿ ಹೋಗುತ್ತದೆ, ಉಳಿದ ಫ್ಲಕ್ಸಿನಲ್ಲಿ ಕರಗಿ ನಿಲ್ಲಲಾಗದ ಅಲ್ಯೂಮಿನಾ ಹರಳು ಕಟ್ಟುತ್ತದೆ. ಐದಾರು ಗಂಟೆ ಕರೆಂಟ್ ಇದ್ದರೆ ಸಾಕು. ಪ್ಲಾಟಿನಂ ಮೂಸೆ ಇಲ್ಲದೆ ಆಗಲ್ಲ ಅಂತ ಬೆಂಗಳೂರಿನ ಗೆಳೆಯ ನಕ್ಕ. ನಾನು ಏಳುನೂರು ರೂಪಾಯಿಯ ಅಲ್ಯೂಮಿನಾ ಮೂಸೆ ಇಟ್ಟೆ. ಒಳಗೋಡೆ ಸ್ವಲ್ಪ ಕರಗುತ್ತದೆ. ಕರಗಲಿ, ಅದೂ ಅಲ್ಯೂಮಿನಾನೇ ಅಲ್ವಾ?

ಮೂಸೆಯ ಬಾಯಿ ತೆರೆದಿಟ್ಟಾಗ ಫ್ಲಕ್ಸ್ ಸರಸರ ಹಾರಿತು. ಹರಳಿನ ಮುಖವೆಲ್ಲ ಗುಳಿ. ಪೂರ್ತಿ ಮುಚ್ಚಿದೆ, ಏನೂ ಹುಟ್ಟಲಿಲ್ಲ. ಆಟವೆಲ್ಲ ಮುಚ್ಚಳದ ಸಂದಿನಲ್ಲಿದೆ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಸಂದು ಎಷ್ಟು ಅಂತ ಮಾತ್ರ ಹೇಳುವುದಿಲ್ಲ, ಅದಕ್ಕೆ ಹದಿನೇಳು ಮೂಸೆ ತೆತ್ತಿದ್ದೇನೆ! ಈಗ ಬರುವುದು ಹಾಳೆಯಲ್ಲ. ಆರು ಮೂಲೆಯ ಎರಡು ಗೋಪುರಗಳನ್ನು ಬುಡಕ್ಕೆ ಬುಡ ಅಂಟಿಸಿದಂತೆ ದಪ್ಪ ಹರಳು, ಎರಡು ಮೂರು ಮಿಲಿಮೀಟರ್. ಕ್ರೋಮಿಯಂ ಆಕ್ಸೈಡ್ ಅಲ್ಯೂಮಿನಾದ ಅರ್ಧ ಪರ್ಸೆಂಟ್ ಹಾಕಿದರೆ ಬಣ್ಣ ಸರಿಯಾಗಿ ಕೂರುತ್ತದೆ. ಹೊಗೆಯನ್ನು ಪೈಪಿನಲ್ಲಿ ಹೊರಗೆ ಬಿಡಲೇಬೇಕು. ಆವಿಯಾದ ಫ್ಲಕ್ಸೇ ಆ ಪೈಪಿನೊಳಗೆ ಬಿಳಿ ಸೂಜಿಗಳಾಗಿ ಕಟ್ಟಿಕೊಳ್ಳುತ್ತದೆ. ಮಾಸ್ಕ್ ಹಾಕಿ ಕೆರೆದು ಮತ್ತೆ ಬಳಸುತ್ತೇನೆ, ದುಡ್ಡು ಕೊಟ್ಟು ತಂದದ್ದಲ್ವಾ.

ಕರೆಂಟಿಲ್ಲದ ಒಂದು ವಾರ ಸುಮ್ನೆ ಕೂರಲಾಗದೆ ತೋಟದ ಯೂರಿಯಾವನ್ನು ಉಪ್ಪುನೀರಿಗೆ ಜಾಸ್ತಿಯೇ ಸುರಿದೆ. ಚೌಕ ಆಗಬೇಕಿದ್ದ ಉಪ್ಪಿನ ಹರಳಿಗೆ ಎಂಟು ಮುಖ ಬಂತು. ಗೊಬ್ಬರ ಹಾಳಾಯಿತು ಅಂತ ಚಿಕ್ಕಪ್ಪ ಬೈದರು.

ಊರಲ್ಲಿ ಒಂದಿಬ್ಬರು ನಾನು ಕಾಡಿನ ಹರಳುಕಲ್ಲು ಅಗೆದು ತಂದಿದ್ದೇನೆ ಅಂದುಕೊಂಡಿದ್ದರು. ಅದೇ ಸಂಶಯದಲ್ಲಿದ್ದ ಚಿಕ್ಕಪ್ಪನಿಗೆ ಮೊನ್ನೆ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು ತೋರಿಸಿದೆ. ಅಂಗೈಯಲ್ಲಿ ಹರಳುಗಳು ಕೆಂಡದ ಹಾಗೆ ಹೊಳೆದವು.

"ಮಾರಿದರೆ ಎಷ್ಟು ಬರುತ್ತೆ?"

"ಡೀಸೆಲ್ ದುಡ್ಡೂ ಬರಲ್ಲ ಚಿಕ್ಕಪ್ಪ."

ಆದರೂ ಎರಡನ್ನು ಆರಿಸಿ ಜೇಬಿಗೆ ಹಾಕಿಕೊಂಡರು.